ಕುಲವೋ, ಗುಣವೋ?

ಆಲೂಗೆಡ್ಡೆ ನಮಗೆ ತರಕಾರಿ. ಉತ್ತರ ಯೂರೋಪಿನಲ್ಲಿ ಅದು ಕಾರ್ಖಾನೆಯ ಕಚ್ಚಾವಸ್ತುವೂ ಹೌದು. ಅದರ ಪಿಷ್ಟ ಕಾಗದಕ್ಕೆ, ನೂಲಿನ ಗಂಜಿಗೆ, ಅಂಟಿಗೆ ಒದಗುತ್ತದೆ. ಈ ಪಿಷ್ಟದ ಸುಮಾರು ಐದನೆಯ ಒಂದು ಪಾಲು ಅಮೈಲೋಸ್, ಉಳಿದದ್ದು ಅಮೈಲೋಪೆಕ್ಟಿನ್. ಮೊದಲನೆಯದು ಆರಿದ ಗಂಜಿಯನ್ನು ಹೆಪ್ಪುಗಟ್ಟಿಸುತ್ತದೆ. ಎರಡನೆಯದಷ್ಟೇ ಇದ್ದರೆ ಗಂಜಿ ತಿಳಿಯಾಗಿ ನಿಲ್ಲುತ್ತದೆ. ಅಮೈಲೋಸಿಲ್ಲದ ಗೆಡ್ಡೆಗಾಗಿ ತಳಿಗಾರರು ಹಂಬಲಿಸಿದುದು ಇದಕ್ಕಾಗಿಯೇ.

ಅದಕ್ಕೆ ಎರಡು ದಾರಿಗಳು ತೆರೆದವು. ನೆದರ್ಲೆಂಡ್ಸಿನ ಗ್ರೋನಿಂಗೆನ್ನಿನಲ್ಲಿ ವಿಜ್ಞಾನಿಗಳು ಎಕ್ಸ್-ಕಿರಣ ತಾಗಿದ ಸಸ್ಯಗಳಿಂದ ಪಡೆದ ಸಾವಿರಾರು ಕಿರುಗೆಡ್ಡೆಗಳನ್ನು ಅಯೋಡಿನ್ನಿನಿಂದ ಪರೀಕ್ಷಿಸಿದರು. ಪಿಷ್ಟ ನೀಲಿಯಾಗದೆ ಕೆಂಪಾದ ಗೆಡ್ಡೆಯೊಂದು ದೊರೆತ ಸಂಗತಿ 1987ರಲ್ಲಿ ಪ್ರಕಟವಾಯಿತು. ಸಾಗುವಳಿಯ ಆಲೂಗೆಡ್ಡೆಯಲ್ಲಿ ಪ್ರತಿ ಜೀನಿಗೂ ನಾಲ್ಕು ಪ್ರತಿಗಳು. ನಾಲ್ಕರಲ್ಲಿಯೂ ಆ ಲೋಪ ಕೂಡಿಬರುವಂತೆ ವರ್ಷಗಟ್ಟಲೆ ಸಂಕರಗೊಳಿಸಿದ ಮೇಲೆ, ರೈತರ ಸಹಕಾರ ಸಂಸ್ಥೆಯಾದ ಆವೆಬೆ ‘ಎಲಿಯಾನ್’ ತಳಿಯನ್ನು ಹೊಲಕ್ಕಿಳಿಸಿತು.

ಇನ್ನೊಂದು ದಾರಿ ‘ಆಮ್‌ಫ್ಲೋರಾ’ದ್ದು. ಗೆಡ್ಡೆಯದೇ ಜೀನನ್ನು ತಿರುವುಮುರುವಾಗಿ ಸೇರಿಸಿ ಅಮೈಲೋಸಿನ ತಯಾರಿಕೆಯನ್ನು ಅಡಗಿಸಿದ ತಳಿಯಿದು. 1996ರಲ್ಲಿ ಅರ್ಜಿ, 2010ರಲ್ಲಿ ಯೂರೋಪಿನ ಅನುಮತಿ. 2012ರಲ್ಲಿ ಬಿಎಎಸ್‌ಎಫ್ ಕಂಪನಿಯೇ ಅದನ್ನು ಅಲ್ಲಿ ಕೈಬಿಟ್ಟಿತು. 2013ರಲ್ಲಿ ಯೂರೋಪಿನ ನ್ಯಾಯಾಲಯ ಕಾರ್ಯವಿಧಾನದ ಲೋಪವನ್ನೆತ್ತಿ ಅನುಮತಿಯನ್ನೂ ರದ್ದುಗೊಳಿಸಿತು.

ಗುಣ ಹೆಚ್ಚು ಕಡಿಮೆ ಒಂದೇ, ಹುಟ್ಟು ಬೇರೆ. ಕಿರಣದ ಪೆಟ್ಟಿನಿಂದ ಜೀನುಗಳಲ್ಲಿ ಎಲ್ಲೆಲ್ಲಿ ಏನೇನು ಕದಲಿತೋ, ಅದನ್ನು ಕಾನೂನು ವಿಚಾರಿಸಲಿಲ್ಲ. ಬೇಕೆಂದೇ ಮಾಡಿದ ಬದಲಾವಣೆಯನ್ನು ಮಾತ್ರ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಬಾಗಿಲಲ್ಲಿ ನಿಲ್ಲಿಸಿತು. ಹಾಗೆಂದು ಅಂದಿನ ಶಂಕೆಯೆಲ್ಲ ಮೌಢ್ಯವಲ್ಲ. ಆಮ್‌ಫ್ಲೋರಾದೊಡನೆ ಪ್ರತಿಜೀವಕವನ್ನು ತಡೆಯುವ ಗುರುತಿನ ಜೀನೊಂದೂ ಬಂದಿತ್ತು; ಅದನ್ನು ಕುರಿತು ಕೇಳಿದ ಪ್ರಶ್ನೆ ನ್ಯಾಯವಾದುದೇ. ಆದರೆ ಅದು ಗುಣದ ಪ್ರಶ್ನೆ, ಕುಲದ ಪ್ರಶ್ನೆಯಲ್ಲ.

ಮನುಷ್ಯನನ್ನು ಹುಟ್ಟಿನಿಂದ ಅಳೆಯಬಾರದೆಂದು ಕನ್ನಡದ ಹಿರಿಯರು ಶತಮಾನಗಳಿಂದ ಸಾರಿದ್ದಾರೆ. ಬೆಳೆಗೂ ಈ ವಿವೇಕ ಸಲ್ಲಬೇಕು. ಯಾವ ದಾರಿಯಿಂದ ಬಂದ ತಳಿಯನ್ನಾದರೂ ಒಂದೇ ಬಗೆಯಲ್ಲಿ ವಿಚಾರಿಸೋಣ: ಇದರಲ್ಲಿ ಬದಲಾದುದೇನು? ಜೊತೆಗೆ ಬಂದುದೇನು? ಬೀಜದ ಒಡೆತನ ಯಾರದು? ಮೂರನೆಯ ಪ್ರಶ್ನೆಯನ್ನು ಪ್ರಯೋಗಾಲಯ ಬಿಡಿಸಲಾರದು. ರೈತನೂ ನಾಗರಿಕನೂ ಕೂಡಿಯೇ ಅದಕ್ಕೆ ಉತ್ತರ ಹೇಳಬೇಕಾಗಿದೆ.