ಮಿನಿ ಮಾಲ್ಡೀವ್ಸ್ ಅಂತೆ!

ಬಾಲಿ, ಫುಕೆಟ್ ಸುತ್ತಿ ಬಂದ ಗೆಳೆಯ ಬೆನ್ನಿಗೊಂದು ಚೀಲ ಏರಿಸಿಕೊಂಡು ಮಣಿಪಾಲಕ್ಕೆ ಬಂದಿದ್ದ. ನಾನೂ ಚೀಲ ಹೊತ್ತು ಹೊರಟೆ. ಕಾರ್ಕಳದಲ್ಲಿ 1432ರ, 42 ಅಡಿಯ ಬಾಹುಬಲಿಯನ್ನು ನೋಡಿ 'ಮಿನಿ ಶ್ರವಣಬೆಳಗೊಳ' ಅಂದ. ಸುಮ್ಮನಿದ್ದೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಲ್ಲಿ ನಿಂತು 'ಮಿನಿ ಗೋವಾ' ಅಂದ. ಆಗಲೂ ಸುಮ್ಮನಿದ್ದೆ. ಮಲ್ಪೆಯಿಂದ ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದವನೇ ಫೋನ್ ಎತ್ತಿ 'ಮಿನಿ ಮಾಲ್ಡೀವ್ಸ್!' ಅಂದನಲ್ಲ, ಉರಿದುಹೋಯಿತು.

ಎಂತ ಮಾಲ್ಡೀವ್ಸ್ ಮಾರಾಯ? ಅದು ಹವಳದ ದ್ವೀಪ. ಇದು ಸುಮಾರು 8.8 ಕೋಟಿ ವರ್ಷದ ಹಿಂದೆ, ನಮ್ಮ ನೆಲ ಮಡಗಾಸ್ಕರ್‌ನಿಂದ ಕಳಚಿಕೊಳ್ಳುವ ಹೊತ್ತಿಗೆ ಉಕ್ಕಿದ ಲಾವಾ. ತಣಿಯುತ್ತಾ ಬಿರಿದು ಕಂಬ ಕಂಬವಾಗಿ ನಿಂತಿದೆ. ಇದಕ್ಕೆ ತೋನ್ಸೆಪಾರ್ ಅಂತ ಊರ ಹೆಸರೂ ಉಂಟು; ಯಾವ ರೀಲ್ಸಿನಲ್ಲೂ ನಾನದನ್ನು ಕೇಳಿಲ್ಲ.

ಅವನೊಬ್ಬನನ್ನು ಬೈದರೆ ಸಾಲದು. 'ಕರಾವಳಿಯ ಮಾಲ್ಡೀವ್ಸ್' ಅಂತ ಜನರನ್ನು ಕರೆಯುವವರು ನಾವೇ. ನಕಲಿ ಮಾಲಿಗೆ ಯಾರು ಮರ್ಯಾದೆ ಕೊಡುತ್ತಾರೆ? ಕಲ್ಲಿನ ಸಂದಿಯಲ್ಲಿ ಬಾಟಲಿ ಚೂರು ಬಿದ್ದಿರುವುದು ಅದಕ್ಕೇ.

ಕೈಗೆ ಸಿಕ್ಕಷ್ಟು ಹೆಕ್ಕಿ ಅವನ ಚೀಲಕ್ಕೇ ತುಂಬಿದೆ. "ಭಾರ ಮಾರಾಯ" ಅಂದ. "ಹೊರು" ಅಂದೆ.