ಹೋದವರ ಓಣಿಗೆ ಟಿಕೆಟ್, ಇದ್ದವರ ಓಣಿಗೆ ಅಡ್ಡಹೆಸರು

1/7
ದೋಸ್ತರ, ಮೊದಲ ಫೋಟೊ ನೋಡ್ರಿ. ಕೊಚ್ಚಿಯ ಮಟ್ಟಾಂಚೇರಿ, ಯಹೂದಿಗಳ ಓಣಿ. ನಮ್ಮ ಕಾಲೇಜ್ ಟೂರ್‌ನ್ಯಾಗ ತೆಗೆದದ್ದು. ಹಳೇ ಮನೆ, ಕಿಟಕಿ ಸರಳಿನ್ಯಾಗ ಆರು ಮೂಲೆಯ ನಕ್ಷತ್ರ, ಅದರ ಮುಂದ ನಾವು ಹದಿನೆಂಟು ಮಂದಿ ಹಲ್ಲು ಕಿಸ್ಕೊಂಡು ನಿಂತೀವಿ. ಲೈಕ್ ಭರ್ಜರಿ ಬಂದಾವ, ಸುಳ್ಳು ಹೇಳಂಗಿಲ್ಲ. ಈಗ ಒಂದ ಪ್ರಶ್ನೆ: ಈ ಫೋಟೊದಾಗ ಯಹೂದಿಗಳು ಎಲ್ಲಿ ಅದಾರ?

ಒಬ್ರೂ ಇಲ್ಲ. ಯಹೂದಿಗಳ ಓಣಿಗೆ ಹೋಗಿ, ಒಬ್ಬ ಯಹೂದಿನ್ನೂ ನೋಡದ, "ಎಷ್ಟು ಚಂದ ಐತಿ" ಅಂದು ಬಂದ್ವಿ. ಸಿಟ್ಟು ಬರೋರು ಇಲ್ಲೇ ನಿಲ್ರಿ. ಉಳಿದವರು ಸ್ವೈಪ್ ಮಾಡ್ರಿ.

2/7
ಗೈಡ್ ಒಂದು ತಾಸು ನಡೆಸಿದ್ರು. ಹೇಳಿದ್ದೆಲ್ಲ ಖರೇನ. ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಕೊಚ್ಚಿಯ ರಾಜರು ತಮ್ಮ ಅರಮನೆಯ ಪಕ್ಕದಾಗೇ ಜಾಗ ಕೊಟ್ರು. 1662ರಲ್ಲಿ ಪೋರ್ಚುಗೀಸರು ಅದಕ್ಕ ಬೆಂಕಿ ಹಚ್ಚಿದ್ರು. ಮುಂದಿನ ವರ್ಷ ಡಚ್ಚರು ಬಂದ ಮ್ಯಾಲ ಮತ್ತ ಎದ್ದು ನಿಂತಿತು. ಗಡಿಯಾರದ ಗೋಪುರ 1760ರದ್ದು, ಕಟ್ಟಿಸಿದವರು ಎಜೆಕಿಯೆಲ್ ರಹಾಬಿ ಎಂಬ ವ್ಯಾಪಾರಿ. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ-ಬಿಳಿ ಹಂಚು. 1968ರಲ್ಲಿ ನಾನೂರನೇ ವರ್ಷದ ಹಬ್ಬಕ್ಕ ಇಂದಿರಾ ಗಾಂಧಿ ಬಂದಿದ್ರು, ಅಂಚೆಚೀಟಿನೂ ಬಂತು.

ರಾಜ, ಹಂಚು, ಗಡಿಯಾರ, ಪ್ರಧಾನಿ. ಎಲ್ಲಾ ಬಂತು. ಮನುಷ್ಯರು ಬರಲಿಲ್ಲ.

3/7
ಗೈಡ್ ನಿಲ್ಲದ ಕಡೆ ನಾವು ನಿಲ್ಲೋಣ.

ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಅವರ ಹಳೇ ನಿಯಮದ ಪ್ರಕಾರ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಹತ್ತ ಮಂದಿ! ನಮ್ಮ ಕ್ರಿಕೆಟ್ ಟೀಮಿಗಿಂತ ಒಬ್ಬ ಕಮ್ಮಿ. ಇವತ್ತು ಆ ಓಣಿಯೊಳಗ ಅಷ್ಟು ಮಂದಿನೂ ಉಳಿದಿಲ್ಲ. ಹೊರಗಿನಿಂದ ಯಾರಾದ್ರೂ ಬಂದ್ರ ಮಾತ್ರ ಲೆಕ್ಕ ತುಂಬ್ತದ. 1948ರಲ್ಲಿ ಇಸ್ರೇಲ್ ಆತು, 1950ರ ದಶಕದಾಗ ಕೊಚ್ಚಿಯ ಹೆಚ್ಚಿನ ಯಹೂದಿಗಳು ಗಂಟು-ಮೂಟೆ ಕಟ್ಟಿ ಅಲ್ಲಿಗೆ ಹೋದ್ರು. ಅವರ ಮನಿಯಾಗ ಈಗ ಮಸಾಲೆ, ಶಾಲು, ಹಳೇ ಸಾಮಾನಿನ ಅಂಗಡಿ.

ನೂರಾರು ವರ್ಷ ಇದ್ದವರು ಹೋಗ್ಯಾರ ಅಂದ್ರ ಅದು ಬರೇ "ವೈಬ್" ಅಲ್ಲ. ಖಾಲಿ ಮನಿ ಮುಂದ ನಿಂತಾಗ ಯಾಕ ಖಾಲಿ ಅಂತ ಕೇಳೋದು ಕನಿಷ್ಠ ಮರ್ಯಾದೆ.

4/7
ಇದು ನನಗ ಟೂರ್ ಮುಗಿದ ಮ್ಯಾಲ, ರೂಮಿಗೆ ಬಂದು ಓದಿದಾಗ ಗೊತ್ತಾತು. ಓದಿ ಹೊಟ್ಟಿ ಉರೀತು.

ಅದೇ ಸಿನಗಾಗ್‌ನ್ಯಾಗ ಎಲ್ಲಾ ಯಹೂದಿಗಳಿಗೂ ಸಮ ಜಾಗ ಇರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಆದವರ ವಂಶದವರು ಒಳಗ ಬೆಂಚಿನ ಮ್ಯಾಲ ಕೂಡಂಗಿರಲಿಲ್ಲ. ಹೊರ ಪಡಸಾಲಿಯ ನೆಲದ ಮ್ಯಾಲ ಕೂಡಬೇಕಿತ್ತು. ದೇವರು ಒಬ್ಬ, ಗ್ರಂಥ ಒಂದು, ಜಾಗ ಮಾತ್ರ ಬ್ಯಾರೆ. ಎಲ್ಲೋ ಕೇಳಿದಂಗ ಅನಸ್ತದಲ್ಲ?

ಎ.ಬಿ. ಸೇಲಂ (1882-1967) ಆ ಗುಂಪಿನವರು. ವಕೀಲರಾದ್ರು, ಗಾಂಧಿಯ ದಾರಿ ಹಿಡಿದು ಸಿನಗಾಗ್‌ನ್ಯಾಗ ಸತ್ಯಾಗ್ರಹ ಮಾಡಿದ್ರು. "ಯಹೂದಿ ಗಾಂಧಿ" ಅಂತ ಹೆಸರಾತು. ಆ ಕಟ್ಟುಪಾಡು ಮುರಿದದ್ದು ಇಂಥವರ ಹಟದಿಂದ. ಹಂಚಿನ ಬಗ್ಗೆ ಹತ್ತು ನಿಮಿಷ ಮಾತಾಡೋ ಟೂರಿಗೆ, ಆ ಹಂಚಿನ ಮ್ಯಾಲ ಯಾರಿಗೆ ಜಾಗ ಇರಲಿಲ್ಲ ಅಂತ ಹೇಳಾಕ ಒಂದು ನಿಮಿಷ ಸಿಗಲಿಲ್ಲ.

5/7
ಕಮೆಂಟ್‌ನ್ಯಾಗ ಏನು ಬರ್ತದ ಅಂತ ಗೊತ್ತು. "ಟೂರ್ ಇಲ್ಲಂದ್ರ ಕಟ್ಟಡನೂ ಉಳಿತಿರಲಿಲ್ಲ." ಒಪ್ಪಿದೆ. ಜನ ನೋಡಾಕ ಬರ್ತಾರ ಅಂತನ ಪರದೇಸಿ ಸಿನಗಾಗ್ ಇವತ್ತು ಸುಣ್ಣ-ಬಣ್ಣ ಕಂಡು ನಿಂತದ. ಗೈಡ್‌ನ ಹೊಟ್ಟಿನೂ ಅದರಿಂದ ತುಂಬ್ತದ. ಅದಕ್ಕ ನನ್ನ ತಕರಾರಿಲ್ಲ.

ಆದ್ರ ಅದೇ ಮಟ್ಟಾಂಚೇರಿಯೊಳಗ ಮಲಬಾರಿ ಯಹೂದಿಗಳ ಕಡವುಂಭಾಗಂ ಸಿನಗಾಗ್ ಇತ್ತು. ಪರದೇಸಿಗಿಂತ ಹಳೇದು. ಅವರು ಹೋದ ಮ್ಯಾಲ ಅದು ಗೋದಾಮು ಆತು. ಒಳಗಿನ ಮರಗೆಲಸ ಜೆರುಸಲೇಮಿನ ಮ್ಯೂಸಿಯಂ ಸೇರಿತು. ಇಲ್ಲಿ ಉಳಿದ ಗೋಡೆ 2019ರ ಮಳೆಗಾಲದಾಗ ಕುಸಿದು ಬಿತ್ತು. ನಮ್ಮ ಟೂರ್ ಆ ಕಡೆ ತಿರುಗಲೇ ಇಲ್ಲ. ಅಂದ್ರ ಟೂರ್ ಉಳಿಸೋದು ಎಲ್ಲಾನೂ ಅಲ್ಲ, ಫೋಟೊಕ್ಕ ಚಂದ ಕಾಣೋದನ್ನ. ಮತ್ತ ಫೋಟೊಕ್ಕ ಯಾವುದು ಚಂದ ಅಂತ ತೀರ್ಮಾನ ಮಾಡೋರು ಯಾರು? ನಾವ. ನಮ್ಮ ಬೆರಳು.

6/7
ಈಗ ಊರಿಗೆ ಬರ್ರಿ. ಇದು ಚುಚ್ಚತದ, ನನಗೂ ಚುಚ್ಚೇತಿ.

ಲಿಂಗಸುಗೂರಿನಿಂದ ಮಸ್ಕಿ ದಾಟಿದ್ರ ಸಿಂಧನೂರು. ಅಲ್ಲಿ ಆರ್.ಎಚ್. ಕ್ಯಾಂಪ್‌ಗಳು ಅದಾವ. ಪೂರ್ವ ಪಾಕಿಸ್ತಾನದಿಂದ, ಅಂದ್ರ ಇವತ್ತಿನ ಬಾಂಗ್ಲಾದೇಶದಿಂದ, ಮನಿ-ಮಠ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಜಾಗ ಕೊಟ್ಟ ಊರುಗಳು. ಐವತ್ತು ವರ್ಷದ ಮ್ಯಾಲಾತು. ಮನಿಯಾಗ ಬಂಗಾಳಿ, ಸಂತ್ಯಾಗ ನಮ್ಮ ಕನ್ನಡ. ದುರ್ಗಾಪೂಜೆ ಮಾಡ್ತಾರ. ನಮ್ಮ ಹೊಲದ ಪಕ್ಕದಾಗ ಭತ್ತ ಬೆಳಿತಾರ.

ಅದೂ ದೂರದಿಂದ ಬಂದವರ ಓಣಿನ. ಅಲ್ಲಿ ಜನ ಇನ್ನೂ ಅದಾರ. ನಮ್ಮೊಳಗ ಎಷ್ಟು ಮಂದಿ ಒಮ್ಮೆ ನಡಕೊಂತ ಹೋಗೀವಿ?

ನಮ್ಮ ಕ್ಲಾಸಿನ್ಯಾಗ ಆ ಕ್ಯಾಂಪಿನ ಹುಡುಗ ಒಬ್ಬ ಇದ್ದ. ಅವನನ್ನ ಏನಂತ ಕರೀತಿದ್ವಿ ನೆನಪೈತಾ? "ಏ ಬಾಂಗ್ಲಾ." ಡಬ್ಬಿ ತೆರೆದ್ರ ಮೂಗು ಮುಚ್ಚತಿದ್ವಿ. ಅವನು ಹುಟ್ಟಿದ್ದು ಸಿಂಧನೂರು ತಾಲೂಕಿನ್ಯಾಗ, ಕನ್ನಡದಾಗ ನನಗಿಂತ ಹೆಚ್ಚು ಮಾರ್ಕ್ಸ್ ತಗೊಂಡಿದ್ದ. ನಾನೂ ಕರದೀನಿ. ನಕ್ಕೀನಿ. ಒಂದಿನ ಅವನು ಕಡೇ ಬೆಂಚಿಗೆ ಹೋಗಿ ಒಬ್ಬನ ಕೂತ. ನಾವು ಯಾಕಂತ ಕೇಳಲಿಲ್ಲ.

ಸೇಲಂ ಕಥಿ ಓದಿದಾಗ ನನಗ ಕೊಚ್ಚಿ ನೆನಪಾಗಲಿಲ್ಲ ದೋಸ್ತರ. ಆ ಕಡೇ ಬೆಂಚ್ ನೆನಪಾತು.

ಕೊಚ್ಚಿಯೊಳಗ "ನಮ್ಮ ದೇಶ ಯಹೂದಿಗಳಿಗೆ ಆಸರೆ ಕೊಡ್ತು" ಅಂತ ಎದೆ ಉಬ್ಬಿಸಿದ್ವಿ. ಆಸರೆ ಕೊಟ್ಟಿದ್ದು ಕೊಚ್ಚಿಯ ರಾಜ. ನಾವು ಕೊಟ್ಟಿದ್ದು ಅಡ್ಡಹೆಸರು. ಹೋದವರಿಗೆ ಕಣ್ಣೀರು ಹಾಕೋದು ಸಸ್ತಾ, ಅವರು ತಿರುಗಿ ಏನೂ ಕೇಳಂಗಿಲ್ಲ. ಇದ್ದವರಿಗೆ ಮರ್ಯಾದೆ ಕೊಡೋದು ತುಟ್ಟಿ.

7/7
ಬೈದು ಸುಮ್ಮನಾಗೋಳಲ್ಲ ನಾನು. ನಾವ ಒಂದು ನಡಿಗೆ ಮಾಡೋಣ. ಬೆಳಿಗ್ಗೆ ಮಸ್ಕಿ. 1915ರಲ್ಲಿ ಸಿಕ್ಕ ಅಶೋಕನ ಶಾಸನ, "ದೇವಾನಾಂಪ್ರಿಯ" ಅಂದ್ರ ಅಶೋಕನ ಅಂತ ಗಟ್ಟಿ ಮಾಡಿದ ಕಲ್ಲು, ನಮ್ಮ ಬಸ್ಸಿನ ದಾರಿಯೊಳಗ ಐತಿ. ಮಧ್ಯಾಹ್ನ ಸಿಂಧನೂರು, ಕ್ಯಾಂಪ್.

ಕ್ಯಾಂಪಿಗೆ ಹೋಗೋದು ಅವರು ಬರ್ರಿ ಅಂದ್ರ ಮಾತ್ರ. ಅದೇನು ಝೂ ಅಲ್ಲ. ಕೇಳದ ಯಾರ ಫೋಟೊನೂ ತೆಗೆಯಂಗಿಲ್ಲ. ಕಥಿ ಹೇಳೋ ಹಿರಿಯರ ಮುಂದ ಮೊಬೈಲ್ ಕಿಸೆಯೊಳಗ. ಊಟ ಹಾಕಿದ್ರ ಮೂಗು ಮುಚ್ಚದ ಉಣ್ಣೋದು. ಮತ್ತ ಎಲ್ಲಿ ಹೋದ್ರೂ ಎರಡು ಪ್ರಶ್ನೆ ಕೇಳೋದು: ಇಲ್ಲಿಂದ ಯಾರು ಹೋದ್ರು? ಇಲ್ಲಿ ಯಾರನ್ನ ಹೊರಗ ಕೂಡಿಸಿದ್ರು? ಎರಡನೇ ಪ್ರಶ್ನೆ ನಮ್ಮ ನಮ್ಮ ಊರಿನ ಗುಡಿ ಮುಂದನೂ ಕೇಳಬೇಕಾಗ್ತದ, ತಯಾರಾಗಿ ಬರ್ರಿ.

ನಾನು ಮೊದಲು ಆ ಹುಡುಗನಿಗೆ ಮೆಸೇಜ್ ಮಾಡೀನಿ. "ಸಾರಿ" ಅಂತ, ಅವನ ಖರೇ ಹೆಸರು ಬರೆದು. ನೀಲಿ ಟಿಕ್ ಬಂದದ, ಉತ್ತರ ಬಂದಿಲ್ಲ. ಬರಬೇಕಂತ ಹಕ್ಕಿನಿಂದ ಕೇಳಾಕ ನಾನ್ಯಾರು.

ಬರೋರು ಕೆಳಗ "ಬರ್ತೀನಿ" ಅಂತ ಬರೀರಿ. ಬರೇ ಹಾರ್ಟ್ ಒತ್ತೋರು ಒತ್ತಬ್ಯಾಡ್ರಿ.

#ಲಿಂಗಸುಗೂರು #ಮಸ್ಕಿ #ಸಿಂಧನೂರು #ಮಟ್ಟಾಂಚೇರಿ #ಇದ್ದವರ_ಓಣಿ