ಬಾಗಿಲ ಹೊರಗಿನ ಅವ್ವ



'ದೂರ ನಿಂದ್ರು' ಅನ್ನೋ ಮಾತನ್ನ ನಮಗೆ ಯಾವ ಡಾಕ್ಟರೂ ಕಲಿಸಬೇಕಾಗಿಲ್ಲ. ಕೇರಿಯಲ್ಲಿ ಹುಟ್ಟಿದವರಿಗೆ ಅದೇ ಮೊದಲ ಪಾಠ. ಅದಕ್ಕೇ ಆಸ್ಪತ್ರೆಯ ಸಾಂಕ್ರಾಮಿಕ ವಾರ್ಡಿನ ಬಾಗಿಲಲ್ಲಿ ಅದೇ ಮಾತು ಕೇಳಿದಾಗ ನಮ್ಮ ಅವ್ವಂದಿರು ಯಾಕೆ ಅಂತ ಕೇಳುವುದಿಲ್ಲ. ಸುಮ್ಮನೆ ಹಿಂದೆ ಸರಿಯುತ್ತಾರೆ.

ನನ್ನ ಅಕ್ಕನೂ ಸರಿದಳು. ನಾಲ್ಕು ವರ್ಷದ ಮಗಳಿಗೆ ಗಂಟಲಮಾರಿ. ಒಳಗೆ ಕೂಸು, ಹೊರಗೆ ಇವಳು. ಎರಡು ದಿನ ಯಾರೂ ಏನೂ ಹೇಳಲಿಲ್ಲ. ಸಪ್ತಾಪುರದ ರೂಮಿನಿಂದ ನಾನು ಬುತ್ತಿ ಒಯ್ದಾಗ ಅವಳು ಕೇಳಿದ್ದು ಒಂದೇ: 'ತಮ್ಮಾ, ನಮ್ಮನ್ನಷ್ಟ ಹೊರಗ ಇಟ್ಟಾರೋ, ಎಲ್ಲಾರನೂ ಇಟ್ಟಾರೋ?' ಬಿ.ಎ. ಮುಗಿಸಿದ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೆಯ ರಾತ್ರಿ ಪಾಳಿಗೆ ಬಂದ ಸಿಸ್ಟರ್ ಒಬ್ಬರು ಅಕ್ಕನನ್ನ ಬೆಂಚಿನ ಮೇಲೆ ತಮ್ಮ ಪಕ್ಕ ಕೂಡಿಸಿಕೊಂಡರು. 'ನಿಮ್ಮನ್ನಷ್ಟ ಅಲ್ರೀ ಅಕ್ಕಾರ, ಎಲ್ಲಾರನೂ' ಅಂದರು. ರೋಗ ಕೆಮ್ಮಿನ ಹನಿಯಿಂದ ಹಬ್ಬುತ್ತದೆ, ಔಷಧ ಮುಗಿದ ಮೇಲೆ ಗಂಟಲ ಪರೀಕ್ಷೆಯಲ್ಲಿ ಎರಡು ಸಲ ರೋಗಾಣು ಕಾಣದಿದ್ದರೆ ಹೊರಗೆ ಬಿಡುತ್ತಾರೆ ಅಂತ ತಿಳಿಸಿದರು. ಡಾಕ್ಟರಿಗೆ ಹೇಳಿ ಅಕ್ಕನಿಗೂ ಮಾತ್ರೆ ಕೊಡಿಸಿದರು, ಚುಚ್ಚುಮದ್ದು ಹಾಕಿಸಿದರು. ಬೆರಳ ಸಂದಿಗೆ ಸಾಬೂನು ತಿಕ್ಕೋದು, ಮಾಸ್ಕ್ ಕಟ್ಟೋದು, ಹೊರಗೆ ಬರುವಾಗ ಯಾವುದನ್ನ ಮೊದಲು ಬಿಚ್ಚಬೇಕು ಅನ್ನೋದು, ಒಂದೊಂದನ್ನೂ ಮಾಡಿಸಿ ನೋಡಿ ಒಳಗೆ ಬಿಟ್ಟರು. 'ಉಸಿರಿನ ಸಪ್ಪಳ ಬದಲಾದ್ರ, ಕುತ್ತಿಗಿ ಬಾತ್ರ ಲಗೂನ ಕರೀರಿ.' ಯಾರ ಕೈಯಿಂದಲೂ ಹಾಲು ಮುಟ್ಟದ ಕೂಸು ಅವ್ವನ ಕೈಯಿಂದ ಗುಟುಕು ಗುಟುಕಾಗಿ ಗಂಜಿ ಕುಡೀತು. ಆ ಸಿಸ್ಟರ್ ಯಾವ ಜಾತಿಯವರೋ, ಕೇಳಬೇಕು ಅಂತ ಅನ್ನಿಸಲೇ ಇಲ್ಲ.

ರೋಗದ ದೂರಕ್ಕೆ ಕಾರಣ ಉಂಟು, ಕೊನೆಯೂ ಉಂಟು. ದಡಾರಕ್ಕೆ ಮೈಮೇಲೆ ದದ್ದು ಎದ್ದ ಮೇಲೆ ನಾಲ್ಕು ದಿನ, ಮುಗೀತು. ಜಾತಿಯ ದೂರಕ್ಕೆ ಎರಡೂ ಇಲ್ಲ. ಆದರೆ ಕಾರಣ ಹೇಳದೆ ಬಾಗಿಲು ಹಾಕಿದರೆ ನಮ್ಮ ಜನಕ್ಕೆ ಎರಡೂ ಒಂದೇ ಆಗಿ ಕಾಣುತ್ತವೆ. ಮುಂದಿನ ಸಲ ಕೂಸನ್ನ ಆಸ್ಪತ್ರೆಗೆ ತರುವುದೇ ಇಲ್ಲ.

1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ಹತ್ತಿರದ ಮುಂಢವೆಯ ಮಹಾರ ಕೇರಿಯಿಂದ ಕಾಯಿಲೆಯ ಹುಡುಗನನ್ನ ಬೆನ್ನ ಮೇಲೆ ಹೊತ್ತು ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಅದೇ ಪ್ಲೇಗು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಆಗ ರಕ್ಷಣೆಯ ಮಾತ್ರೆ ಮಾಸ್ಕು ಅವರ ಕೈಗೆ ಸಿಗುವಂತಿರಲಿಲ್ಲ. ಈಗ ಅವೆಲ್ಲ ಇದ್ದೂ ತಾಯಿಯನ್ನ ಮೆಟ್ಟಿಲ ಮೇಲೆ ಕೂಡಿಸುವುದು ಯಾತಕ್ಕೆ?

ಸೋಂಕು ತರ್ತಾರೆ ಅನ್ನೋದು ಹಳೆಯ ನೆಪ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಕಡಿಮೆ ತೂಕದ ಹಸುಗೂಸುಗಳನ್ನ ತೀವ್ರ ನಿಗಾ ಘಟಕದಲ್ಲೇ ಹುಟ್ಟಿದ ಕೂಡಲೆ ತಾಯಿಯ ಎದೆಗೆ ಹಚ್ಚಿ ಇಟ್ಟರು. 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ನಂಜಿನ ಶಂಕೆಯೂ ಕಡಿಮೆಯಾಯಿತು. ಹಸುಗೂಸಿನ ಆರೈಕೆಯಲ್ಲಿ ಮನೆಯವರನ್ನ ಸೇರಿಸಿಕೊಳ್ಳಿ ಅಂತ ಕೇಂದ್ರ ಸರ್ಕಾರವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಆದರೆ ಒಂದು ಮಾತು. ಸೇರಿಸಿಕೊಳ್ಳೋದು ಅಂದರೆ ಕೇರಿಯ ತಾಯಿ ಅಂತ ಗೊತ್ತಾದ ಕೂಡಲೆ ಕೈಗೆ ಕಸಬರಿಗೆ ಕೊಡೋದಲ್ಲ. ಆಳು ಕಡಿಮೆ ಅಂತ ವಾರ್ಡ್ ಒರೆಸಲು ಹಚ್ಚೋದಲ್ಲ. ಒಳಗೆ ಕೂತ ತಾಯಿಯ ಕೂಲಿ ಹೋಗುತ್ತದೆ, ಅದನ್ನ ಯಾರು ಕೊಡ್ತಾರೆ? ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಗಳಲ್ಲಿ ಜೊತೆಗಿರುವ ತಾಯಿಗೆ ಊಟ, ದಿನಗೂಲಿಯ ಪರಿಹಾರ ಕೊಡುವ ನಿಯಮ ಇದೆ. ಸಾಂಕ್ರಾಮಿಕ ವಾರ್ಡಿನ ತಾಯಿಗೂ ಅದು ಬೇಕು. ಕಲಿಸಲು ಪುರುಸೊತ್ತಿರುವಷ್ಟು ಸಿಸ್ಟರುಗಳೂ ಬೇಕು. ಇದು ಅವರ ಮೇಲಿನ ದೂರಲ್ಲ, ಅವರ ಪರವಾದ ಬೇಡಿಕೆ.

ಹಾಸ್ಟೆಲಿನ ಗೆಳೆಯರೆ, ಊರಿಂದ ಯಾರಾದರೂ ಕೂಸನ್ನ ಕರೆತಂದಾಗ ಚೀಟಿ ಮಾಡಿಸಿಕೊಟ್ಟು ಓಡಿ ಬರಬೇಡಿ. ಯಾಕೆ ಬೇರೆ ಇಟ್ಟಿದ್ದೀರಿ, ಎಷ್ಟು ದಿನ, ತಾಯಿ ಏನೇನು ಮಾಡಬಹುದು ಅಂತ ಸಿಸ್ಟರನ್ನ ಕೇಳಿ. ಅವರು ಹೇಳಿದ್ದನ್ನ ಬರೆದುಕೊಂಡು ಬಾಗಿಲ ಹೊರಗೆ ಕೂತ ಅವ್ವನಿಗೆ ಅವಳ ಮಾತಿನಲ್ಲೇ ಓದಿ ಹೇಳಿ.